ಆರಡಿ ಎರಡಿಂಚಿನ ಕ್ಷೌರಿಕ

ನನ್ನ ಎತ್ತರ 6 ಅಡಿ 2 ಇಂಚು. ತೂಕ 108 ಕೆ.ಜಿ. ಮೈಸೂರಿನ ಒಂದು ಹವ್ಯಾಸಿ ರಂಗತಂಡದಲ್ಲಿ 14 ವರ್ಷದಿಂದ ಇದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಪಾತ್ರಗಳನ್ನು ಒಂದೇ ಉಸಿರಲ್ಲಿ ಹೇಳಿ ಮುಗಿಸಬಹುದು. ಭೀಮ, ಕೀಚಕ, ಬಕಾಸುರ, ಮತ್ತೆ ಭೀಮ, ಎರಡು ಸಲ ಪೊಲೀಸು, ಒಂದು ಸಲ ಕಂಬ. ತಮಾಷೆಗೆ ಹೇಳ್ತಿಲ್ಲ, ನರಸಿಂಹ ಒಡೆದುಕೊಂಡು ಬರುವ ಕಂಬ.

ಹೋದ ವರ್ಷ ನಿರ್ದೇಶಕರು ಫೋನ್ ಮಾಡಿ, "ತುಂಬಾ ಮೆತ್ತನೆಯ ಮನುಷ್ಯನ ಪಾತ್ರ ಇದೆ ಕಣೋ, ನೀನೇ ಮಾಡಬೇಕು" ಅಂದರು. ಯಾರಿಗೋ ಮಾಡಬೇಕಿದ್ದ ಫೋನು ನನಗೆ ಬಂದಿದೆ ಅಂದುಕೊಂಡೆ.

ನಾಟಕ ನಮ್ಮ ತಂಡದವರೇ ಕೂತು ಬರೆದದ್ದು. ಕಾಲ 1537. ಫ್ರಾನ್ಸಿನ ಸೈನ್ಯ ಇಟಲಿಯ ಟ್ಯೂರಿನ್ ಕಡೆ ಯುದ್ಧಕ್ಕೆ ಹೋಗಿದೆ. ಸೈನ್ಯದ ಜೊತೆ ಆಂಬ್ರೋಸ್ ಪಾರೆ ಅನ್ನುವ ಹುಡುಗ ವೈದ್ಯ. ಇನ್ನೂ 27ರ ಆಸುಪಾಸು. ಅವನದು ಕ್ಷೌರಿಕ ಶಸ್ತ್ರವೈದ್ಯರ ಕಸುಬು. ಅಂದರೆ ಗಡ್ಡ ಹೆರೆಯುವವರೇ ಕುರು ಕೊಯ್ಯುವವರು, ಗಾಯ ಕಟ್ಟುವವರು, ಕೈಕಾಲು ಕತ್ತರಿಸುವವರು. ಪಾರೆ ನಿಜವಾಗಿ ಇದ್ದವನು, ಆಮೇಲೆ ರಾಜರಿಗೇ ವೈದ್ಯನಾದ. ಅವನ ಜೊತೆಗೆ ನಾವು ಒಬ್ಬ ಆಳನ್ನು ಹುಟ್ಟಿಸಿಕೊಂಡೆವು. ಬೆಟ್ಟದಂಥ ಮೈ, ಬೆಣ್ಣೆಯಂಥ ಕೈ. ಸ್ಕ್ರಿಪ್ಟಿನಲ್ಲಿ ಅವನಿಗೆ ಹೆಸರಿಲ್ಲ, 'ದೊಡ್ಡ ಕ್ಷೌರಿಕ' ಅಷ್ಟೇ. ಅದು ನಾನು.

ಪಾತ್ರಕ್ಕೆ ಬೇಕಾದ್ದನ್ನು ಓದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಕಾಲದ ಯುರೋಪಿನಲ್ಲಿ ಯೂನಿವರ್ಸಿಟಿಯಲ್ಲಿ ಲ್ಯಾಟಿನ್ ಓದಿದ ವೈದ್ಯರಿಗೆ ಕತ್ತಿ ಹಿಡಿಯುವುದು ಕೀಳು ಕೆಲಸ. ಪಾದ್ರಿಗಳ ಪೈಕಿ ಮೇಲಿನವರು ಸುಡುವ, ಕೊಯ್ಯುವ ಚಿಕಿತ್ಸೆ ಮಾಡಬಾರದು ಅಂತ 1215ರಲ್ಲೇ ಚರ್ಚು ನಿಯಮ ಮಾಡಿತ್ತು. ಉಳಿದವರು ಯಾರು? ಚೂಪು ಕತ್ತಿಯೂ ನಡುಗದ ಕೈಯೂ ಇದ್ದ ಕ್ಷೌರಿಕರು. ಲಂಡನ್ನಿನಲ್ಲಂತೂ 1540ರಲ್ಲಿ ಕ್ಷೌರಿಕರ ಸಂಘವನ್ನೂ ಶಸ್ತ್ರವೈದ್ಯರ ಸಂಘವನ್ನೂ ಕಾನೂನು ಮಾಡಿ ಒಂದು ಮಾಡಿದರು, ಬೇರೆ ಆಗಿದ್ದು 1745ರಲ್ಲಿ. ನಮಗೂ ಇದು ಹೊಸದೇನಲ್ಲ. ನಮ್ಮ ಹಳ್ಳಿಗಳಲ್ಲೂ ಕುರು ಕೊಯ್ಯಲು ಕರೆಯುತ್ತಿದ್ದದ್ದು ಕ್ಷೌರದವರನ್ನೇ. ಎಷ್ಟೋ ಕಡೆ ಅವರ ಮನೆ ಹೆಂಗಸರೇ ಸೂಲಗಿತ್ತಿಯರು. ಊರಿನವರ ನೆತ್ತರು, ಕೀವು, ಹೆರಿಗೆ ಎಲ್ಲ ನೋಡಿಕೊಂಡವರ ಕಸುಬಿನ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ. ಅದಿರಲಿ.

ಮೊದಲ ರಿಹರ್ಸಲ್‌ನಲ್ಲಿ ಮೆತ್ತನೆ ಮನುಷ್ಯ ಅಂದರೆ ನಗುವವನು, ಸಣ್ಣ ದನಿಯವನು ಅಂದುಕೊಂಡು ಹಾಗೇ ಮಾಡಿದೆ. ಹಿಂದಿನ ಸಾಲಿಗೆ ಒಂದು ಅಕ್ಷರ ಕೇಳಲಿಲ್ಲ. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ಮದುವೆ ಛತ್ರದ ಬಾಗಿಲಲ್ಲಿ ಪನ್ನೀರು ಎರಚೋಕೆ ನಿಂತಿರೋನ ಥರ ಇದೀಯ" ಅಂದರು. ಮಾರನೇ ದಿನ ನಗು ಬಿಟ್ಟೆ. ಆಗ ಗಾಯಾಳುವಿನ ಪಾತ್ರದ ಹುಡುಗ, "ಅಣ್ಣಾ, ನೀವು ಹತ್ತಿರ ಬಂದ್ರೆ ನಂಗೆ ನಿಜವಾಗ್ಲೂ ಭಯ ಆಗುತ್ತೆ" ಅಂದ. ಹಿಂದಿನಿಂದ ಲೈಟು, ಮುಂದೆ ನಾನು. ನನ್ನ ನೆರಳು ಅವನ ಮೇಲೆ ಗೋಣಿಚೀಲದ ಹಾಗೆ ಬೀಳುತ್ತಿತ್ತು.

ನಮ್ಮ ಬೀದಿ ಕೊನೆಯಲ್ಲಿ ಒಂದು ಕಟಿಂಗ್ ಶಾಪ್ ಇದೆ. ಎರಡೇ ಕುರ್ಚಿ. ಯಜಮಾನರಿಗೆ 60 ದಾಟಿದೆ. ಇಪ್ಪತ್ತು ವರ್ಷದಿಂದ ನನ್ನ ಗಡ್ಡ ಅವರ ಕೈಯಲ್ಲೇ. ಒಂದು ಭಾನುವಾರ ಶೇವಿಂಗ್ ಮಾಡಿಸಿಕೊಳ್ಳುತ್ತಾ ವಿಷಯ ಹೇಳಿದೆ. "ಕತ್ತಿ ಹಿಡಿಯೋದು ಹೇಳಿಕೊಡಿ ಯಜಮಾನ್ರೇ" ಅಂದೆ.

"ಕತ್ತಿ ಆಮೇಲೆ ಸಾರ್. ಮೊದಲು ಎಡಗೈ ಕಲೀರಿ" ಅಂದರು.

ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತಿದ್ದೇನೆ, ಅವರ ಎಡಗೈಯನ್ನು ಒಂದು ದಿನವೂ ನೋಡಿರಲಿಲ್ಲ. ಎಲ್ಲರೂ ನೋಡುವುದು ಕತ್ತಿಯ ಕೈಯನ್ನೇ ಅಲ್ವಾ. ಅವತ್ತು ಮೂರು ಗಿರಾಕಿ ಮುಗಿಯುವವರೆಗೂ ಬೆಂಚಿನ ಮೇಲೆ ಕೂತು ಬರೀ ಎಡಗೈ ನೋಡಿದೆ. ಕತ್ತಿ ಮುಖಕ್ಕೆ ಬರುವ ಮೊದಲು ಎಡಗೈ ಬರುತ್ತದೆ. ಅದೂ ಬೆರಳ ತುದಿ ಮೊದಲು ತಾಗುವುದಿಲ್ಲ, ಬೆರಳ ಹಿಂಭಾಗ ಕೆನ್ನೆಗೆ ಸುಮ್ನೆ ಸವರಿದ ಹಾಗೆ ತಾಗುತ್ತದೆ. ಆಮೇಲೆ ಹೆಬ್ಬೆರಳು ಕಿವಿಯ ಪಕ್ಕ ನಿಂತು ಚರ್ಮವನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಆಗ ಮಾತ್ರ ಕತ್ತಿ. ತಲೆ ತಿರುಗಿಸಬೇಕಾದರೆ ಅವರು ಮಾತಾಡುವುದೇ ಇಲ್ಲ. ನೆತ್ತಿಯ ಮೇಲೆ ಎರಡು ಬೆರಳು ಇಟ್ಟರೆ ಸಾಕು, ಎಂಥಾ ದೊಡ್ಡ ಮನುಷ್ಯನೂ ಎಳೆಗರುವಿನ ಥರ ಆ ಕಡೆ ತಿರುಗುತ್ತಾನೆ. ಚಿಕ್ಕ ಮಕ್ಕಳು ಬಂದರೆ ಮೊದಲು ಕತ್ತರಿಯನ್ನು ಗಾಳಿಯಲ್ಲೇ ಚಕಚಕ ಅನ್ನಿಸುತ್ತಾರೆ. ಮಗುವಿಗೆ ಆ ಸದ್ದು ಪರಿಚಯ ಆದಮೇಲೆ ಕೂದಲಿಗೆ ಕೈ ಹಾಕುತ್ತಾರೆ.

"ಗಿರಾಕಿಗೆ ಕೈ ಗೊತ್ತಾಗಬೇಕು, ಕತ್ತಿ ಗೊತ್ತಾಗಬಾರದು" ಅಂದರು. ಅವರ ತಂದೆ ಊರಲ್ಲಿ ಕುರು ಕೊಯ್ಯುತ್ತಿದ್ದರಂತೆ. ಅವರದೂ ಇದೇ ಮಾತಂತೆ.

ನನಗೆ ಒಂದು ಬಲೂನ್ ಊದಿ ಕೊಟ್ಟರು. ಮೇಲೆಲ್ಲ ಸೋಪಿನ ನೊರೆ. ಕತ್ತಿಯಿಂದ ನೊರೆ ತೆಗೀಬೇಕು, ಬಲೂನ್ ಒಡೀಬಾರದು. ಮೊದಲ ದಿನ ಒಂಬತ್ತು ಬಲೂನ್ ಢಂ ಅಂದವು. ಅಂಗಡಿಯ ಕನ್ನಡಿ, ಗೋಡೆಯ ದೇವರ ಫೋಟೊ, ನನ್ನ ಮೀಸೆ ಎಲ್ಲ ಸೋಪು. ನನ್ನ ತಪ್ಪು ಏನು ಅಂತ ಅವರೇ ತೋರಿಸಿದರು. ನಾನು ಕತ್ತಿಗೆ ನನ್ನ ಭಾರ ಕೊಡುತ್ತಿದ್ದೆ. ಕತ್ತಿ ಹರಿತ ಇದ್ದರೆ ಅದರ ಭಾರವೇ ಅದಕ್ಕೆ ಜಾಸ್ತಿ. ನನ್ನಂಥವನಿಗೆ ಇದು ಕಷ್ಟ. ದಪ್ಪ ಮನುಷ್ಯ ಏನು ಮುಟ್ಟಿದರೂ ಭುಜವೂ ಜೊತೆಗೆ ಬರುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮಣಿಕಟ್ಟು ಮಾತ್ರ ಆಡಿಸುವುದು ಕಲಿಯಲು ಮೂರು ವಾರ ಹಿಡಿಯಿತು.

ರಿಹರ್ಸಲ್‌ನಲ್ಲಿ ಎಲ್ಲ ಬದಲಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ರಕ್ತ ತೆಗೆಯುವ ದೃಶ್ಯದಲ್ಲಿ ಒಂದು ಯಡವಟ್ಟು ಆಯಿತು. ಮೈಯಲ್ಲಿ ರಕ್ತ ಜಾಸ್ತಿಯಾದರೆ ಕಾಯಿಲೆ ಅನ್ನುವುದು ಆ ಕಾಲದ ನಂಬಿಕೆ. ಹಾಗಾಗಿ ತೋಳಿಗೆ ಪಟ್ಟಿ ಬಿಗಿದು, ಮೊಣಕೈ ಒಳಗಿನ ನರ ಕೊಯ್ದು, ಬೋಗುಣಿಗೆ ರಕ್ತ ಬಿಡುತ್ತಿದ್ದರು. ನರ ಉಬ್ಬಲಿ ಅಂತ ಕೈಯಲ್ಲಿ ಒಂದು ಕೋಲು ಹಿಡಿಸುತ್ತಿದ್ದರು. ಈಗಲೂ ಕೆಲವು ಸಲೂನ್ ಮುಂದೆ ತಿರುಗುವ ಕೆಂಪು ಬಿಳಿ ಪಟ್ಟೆಯ ಕಂಬ ಅದೇ ಕೋಲು, ಅದೇ ರಕ್ತ, ಅದೇ ಪಟ್ಟಿ ಅನ್ನುತ್ತಾರೆ. ನಾನು ಹುಡುಗನ ತೋಳಿಗೆ ಪಟ್ಟಿ ಬಿಗಿದೆ. ಅವನು ಮುಖ ಕಿವುಚಿದ, ನರಳಿದ, ಕಣ್ಣಲ್ಲಿ ನೀರು ಬಂತು. ಎಂಥಾ ಆಕ್ಟಿಂಗ್ ಮಾಡ್ತಾನಪ್ಪ ಅಂತ ನನಗೆ ಹೊಟ್ಟೆಕಿಚ್ಚು. ದೃಶ್ಯ ಮುಗಿದ ಮೇಲೆ ನೋಡಿದರೆ ಅವನ ಬೆರಳು ನೇರಳೆ ಹಣ್ಣಿನ ಬಣ್ಣ! ಅವತ್ತಿನಿಂದ ಪಟ್ಟಿಯ ಕೆಳಗೆ ನನ್ನ ಎರಡು ಬೆರಳು ಇಟ್ಟುಕೊಂಡೇ ಗಂಟು ಹಾಕುತ್ತಿದ್ದೆ. ಪ್ರೇಕ್ಷಕರಿಗೆ ಅದೂ ಅಕ್ಕರೆಯ ಹಾಗೇ ಕಂಡಿತಂತೆ.

ನೆರಳಿನ ಸಮಸ್ಯೆಗೆ ಉಪಾಯ ಸಲೀಸಾಗಿತ್ತು. ಎದುರಿನಿಂದ ಬರುವುದು ಬಿಟ್ಟು ಪಕ್ಕದಿಂದ ಬಂದೆ. ಒಂದಡಿ ಎತ್ತರದ ಸ್ಟೂಲ್ ಮಾಡಿಸಿದೆವು. ಮೊದಲು ಕೂರು, ಆಮೇಲೆ ಕೈ, ಆಮೇಲೆ ಮಾತು. ದನಿ ಇಳಿಸುವ ಅಗತ್ಯವೇ ಬೀಳಲಿಲ್ಲ. ಮೊಣಕಾಲು ಮಾತ್ರ ಈಗಲೂ ಆ ಸ್ಟೂಲನ್ನು ಶಪಿಸುತ್ತಿದೆ.

ಇನ್ನು ಎಣ್ಣೆಯ ರಾತ್ರಿ. ನಾಟಕದ ಗುಂಡಿಗೆ ಇದು. ಬಂದೂಕಿನ ಗಾಯದಲ್ಲಿ ಸಿಡಿಮದ್ದಿನ ವಿಷ ಇರುತ್ತದೆ, ಕುದಿಯುವ ಎಣ್ಣೆ ಹೊಯ್ದು ಸುಡಬೇಕು ಅಂತ ಆಗಿನ ದೊಡ್ಡ ಪುಸ್ತಕಗಳು ಹೇಳುತ್ತಿದ್ದವು. ನೋವು ಗೊತ್ತಾಗದ ಹಾಗೆ ಮೈಮರೆಸುವ ಔಷಧಿ ಇನ್ನೂ ಬಂದಿರಲಿಲ್ಲ, ಈಥರ್ ಬಂದದ್ದು 1846ರಲ್ಲಿ. ಟ್ಯೂರಿನ್ ಕಡೆಯ ಆ ದಂಡಯಾತ್ರೆಯಲ್ಲಿ ಒಂದು ದಿನ ಗಾಯಾಳುಗಳು ಜಾಸ್ತಿಯಾಗಿ ಎಣ್ಣೆ ಮುಗಿದುಹೋಯಿತು. ಪಾರೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಸುಡದೆ ಬಿಟ್ಟವರು ಬೆಳಿಗ್ಗೆಗೆ ಸತ್ತಿರುತ್ತಾರೇನೋ ಅನ್ನುವ ಭಯಕ್ಕೆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ನಸುಕಿಗೇ ಎದ್ದು ಹೋಗಿ ನೋಡಿದರೆ ಮೊಟ್ಟೆಯ ಮದ್ದಿನವರು ನೋವು ಕಡಿಮೆಯಾಗಿ ನಿದ್ದೆ ಮಾಡಿದ್ದರು. ಎಣ್ಣೆಯವರಿಗೆ ಜ್ವರ, ಬಾವು, ನರಳಾಟ. ಇನ್ನು ಮುಂದೆ ಯಾರನ್ನೂ ಹೀಗೆ ಸುಡುವುದಿಲ್ಲ ಅಂದುಕೊಂಡ. 1545ರಲ್ಲಿ ಬಂದೂಕಿನ ಗಾಯದ ಚಿಕಿತ್ಸೆ ಬಗ್ಗೆ ಪುಸ್ತಕ ಮಾಡಿದ, ಅದೂ ಲ್ಯಾಟಿನ್‌ನಲ್ಲಿ ಬರೆಯದೆ ಜನರಾಡುವ ಫ್ರೆಂಚ್‌ನಲ್ಲಿ.

ರಂಗದ ಮೇಲೆ ಆ ಕತ್ತಲಲ್ಲಿ ದೊಡ್ಡ ಕ್ಷೌರಿಕ ದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾನೆ. ಮಾತಿಲ್ಲ. ಬೆರಳ ಹಿಂಭಾಗದಿಂದ ಒಬ್ಬೊಬ್ಬರ ಹಣೆ ಮುಟ್ಟುತ್ತಾನೆ. ನಾಲ್ಕು ನಿಮಿಷ. ಮೊದಲ ಸಲ ನಿಜವಾದ ಮೊಟ್ಟೆ ಬಳಸಿ, ಮೇ ತಿಂಗಳ ಸೆಕೆಗೆ ಆ ವಾಸನೆ ತಡೆಯಲಾರದೆ ಇಬ್ಬರು 'ಗಾಯಾಳುಗಳು' ಎದ್ದು ಓಡಿದ್ದರು. ಆಮೇಲೆ ಕಸ್ಟರ್ಡ್ ಪೌಡರಿನ ಗಂಜಿಗೆ ಬಂದೆವು.

ನನಗೆ ತುಂಬಾ ಕಷ್ಟ ಕೊಟ್ಟದ್ದು ಬೇರೆ ದೃಶ್ಯ. ಪಾರೆ ತಾನೇ ಬರೆದಿಟ್ಟ ಘಟನೆ ಅದು. ಅದೇ ದಂಡಯಾತ್ರೆಯಲ್ಲಿ ಕುದುರೆ ಕಟ್ಟಲು ಒಂದು ಲಾಯಕ್ಕೆ ಹೋಗುತ್ತಾನೆ. ಸಿಡಿಮದ್ದಿನಿಂದ ಸುಟ್ಟು, ಮುಖ ನೋಡಲಾಗದ ಹಾಗಾದ ಸೈನಿಕರು ಗೋಡೆಗೆ ಒರಗಿ ಬಿದ್ದಿರುತ್ತಾರೆ. ಒಬ್ಬ ಮುದಿ ಸೈನಿಕ ಬಂದು, ಇವರು ಬದುಕುತ್ತಾರಾ ಅಂತ ಕೇಳುತ್ತಾನೆ. ಇಲ್ಲ ಅನ್ನುತ್ತಾನೆ ಪಾರೆ. ಮುದುಕ ಹತ್ತಿರ ಹೋಗಿ ಅವರ ಕತ್ತು ಕೊಯ್ಯುತ್ತಾನೆ. ಮೆಲ್ಲಗೆ, ಕೋಪವಿಲ್ಲದೆ, ಅಂತ ಪಾರೆ ಬರೆದಿದ್ದಾನೆ. ನೀನು ಕೆಟ್ಟವನು ಅಂತ ಪಾರೆ ಬೈದರೆ, ನನಗೆ ಈ ಗತಿ ಬಂದರೆ ಯಾರಾದರೂ ಹೀಗೇ ಮಾಡಲಿ ಅಂತ ದೇವರನ್ನು ಬೇಡ್ತೀನಿ ಅನ್ನುತ್ತಾನೆ ಮುದುಕ.

ನಮ್ಮ ನಾಟಕದಲ್ಲಿ ದೊಡ್ಡ ಕ್ಷೌರಿಕನೂ ಅಲ್ಲಿದ್ದಾನೆ. ಒಂದೇ ಕೈಯಲ್ಲಿ ಆ ಮುದುಕನನ್ನು ತಡೆಯಬಲ್ಲ. ಏನು ಮಾಡಬೇಕು? ಮೊದಲು ಕಾಲರ್ ಹಿಡಿದು ಎತ್ತಿಬಿಟ್ಟೆ. ನೋಡಲು ಬಂದಿದ್ದ ಗೆಳೆಯರು ಚಪ್ಪಾಳೆ ತಟ್ಟಿದರು. "ಅಲ್ಲೇ ಮತ್ತೆ ಭೀಮ ಆದೆ" ಅಂದರು ನಿರ್ದೇಶಕರು. ಆಮೇಲೆ ಅತ್ತು ನೋಡಿದೆ. ಅದೂ ಸರಿಹೋಗಲಿಲ್ಲ. ಮುದುಕನ ಪಾತ್ರದವರು ಸಣಕಲು, ಐದಡಿ ಮನುಷ್ಯ. ಅವರ ಕೈ ನೋಡುತ್ತಾ ನನಗೆ ಒಂದು ಕಂಡಿತು. ಅವರೂ ಮೊದಲು ಎಡಗೈ ಇಡುತ್ತಿದ್ದರು, ಹಣೆಯ ಮೇಲೆ. ನಾನು ಕಟಿಂಗ್ ಶಾಪಿನಿಂದ ತಂದು ಎಲ್ಲರಿಗೂ ತೋರಿಸಿದ್ದ ಅದೇ ಎಡಗೈ. ಮೈ ಜುಂ ಅಂತು. ಇಬ್ಬರ ಕೈಯೂ ಅಷ್ಟೇ ಮೃದು, ಮಾಡುವ ಕೆಲಸ ಮಾತ್ರ ಬೇರೆ.

ಕೊನೆಗೆ ನಾನು ಮಾಡಿದ್ದು ಇಷ್ಟು. ಕೈಯಲ್ಲಿ ನೀರು ತುಂಬಿದ ಕಂಚಿನ ಬೋಗುಣಿ ಇತ್ತು. ಅವರು ಮೊದಲನೆಯವನ ಹಣೆಗೆ ಕೈ ಇಟ್ಟಾಗ ನಾನು ಒಂದು ಹೆಜ್ಜೆ ಮುಂದಿಟ್ಟೆ. ನಿಂತೆ. ಎಲ್ಲ ಮುಗಿದ ಮೇಲೆ ಬೋಗುಣಿಯನ್ನು ಸದ್ದಾಗದ ಹಾಗೆ ನೆಲಕ್ಕೆ ಇಟ್ಟೆ. ಕಂಚನ್ನು ಕಲ್ಲಿನ ಮೇಲೆ ಸದ್ದಿಲ್ಲದೆ ಇಡುವುದು ಬಲೂನಿಗಿಂತ ಕಷ್ಟ. ಆಮೇಲೆ ಒಬ್ಬೊಬ್ಬರ ಮುಖ ತೊಳೆದೆ. ಅವನು ತಡೆಯಬೇಕಿತ್ತೋ ಬೇಡವೋ, ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ.

ಕಿರುರಂಗಮಂದಿರದಲ್ಲಿ ಎರಡು ಪ್ರದರ್ಶನ ಆಯಿತು. ಎರಡನೇ ದಿನ ಯಜಮಾನರು ಅಂಗಡಿ ಬೇಗ ಮುಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ನಾಟಕ ಮುಗಿದ ಮೇಲೆ ಹುಡುಕಿದೆ, ಹೊರಟುಹೋಗಿದ್ದರು.

ಭಾನುವಾರ ಶೇವಿಂಗ್‌ಗೆ ಹೋದೆ. ನೊರೆ ಹಚ್ಚಿದರು. ಒಂದು ಕೆನ್ನೆ ಆಯಿತು, ಇನ್ನೊಂದು ಆಯಿತು. ನಾಟಕದ ಸುದ್ದಿಯೇ ಇಲ್ಲ. ಪಟಿಕ ತಿಕ್ಕುವಾಗ ಬಾಯಿಬಿಟ್ಟರು.

"ಎಡಗೈ ಪರವಾಗಿಲ್ಲ ಸಾರ್."

"ಥ್ಯಾಂಕ್ಸ್ ಯಜಮಾನ್ರೇ."

"ಆದ್ರೆ ಆ ಹುಡುಗನ್ನ ಕೊಯ್ದ ಮೇಲೆ ಕತ್ತೀನ ಅವನ ಕಣ್ಣೆದುರಿಗೇ ಒರೆಸಿದ್ರಲ್ಲ. ಯಾರಾದ್ರೂ ಹಾಗೆ ಒರೆಸ್ತಾರಾ? ಬೆನ್ನ ಹಿಂದೆ ಒರೆಸಬೇಕು."

ಕನ್ನಡಿಯಲ್ಲಿ ನೋಡಿದೆ. ಅವರ ಬಲಗೈ ಕುರ್ಚಿಯ ಹಿಂದೆ ಎಲ್ಲೋ ಇತ್ತು, ಕತ್ತಿ ಕಾಣುತ್ತಿರಲಿಲ್ಲ.