ಬೀಗದ ಕೈ ನನ್ನ ಹತ್ತಿರ ಇತ್ತು

ಅಮೆರಿಕದ ಒಂದು ಊರಿನಲ್ಲಿ ನಾನು ಏಳು ವರ್ಷ ಭಾನುವಾರದ ಪುಕ್ಕಟೆ ಊಟಕ್ಕೆ ಅಡುಗೆ ಮಾಡಿದ್ದೇನೆ. 1980ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ 'ಫುಡ್ ನಾಟ್ ಬಾಂಬ್ಸ್' ಅಂತ ಪುಕ್ಕಟೆ ಊಟ ಹಂಚುವ ಗುಂಪೊಂದು ಶುರುವಾಯಿತು, ಅದನ್ನು ನೋಡಿ ಕಟ್ಟಿಕೊಂಡ ಗುಂಪು ನಮ್ಮದು. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ತರಕಾರಿ, ಬ್ರೆಡ್ಡು ತಂದು ಬೇಯಿಸಿ ಪಾರ್ಕಿನಲ್ಲಿ ಬಡಿಸುತ್ತಿದ್ದೆವು. ಅಧ್ಯಕ್ಷ, ಕಾರ್ಯದರ್ಶಿ ಅಂತ ಯಾರೂ ಇಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಮೇಲೆ ಯಜಮಾನರಿಲ್ಲದೆ ಜನ ತಾವೇ ಸೇರಿ ಕೆಲಸ ನಡೆಸಬೇಕು ಅನ್ನುವ ಈ ವಿಚಾರಕ್ಕೆ ಅರಾಜಕತೆ ಅನ್ನುತ್ತಾರೆ. ಅರಾಜಕತೆ ಅಂದ್ರೆ ಗಲಾಟೆ ಅಂತಲೇ ನಾವು ಕೇಳುತ್ತಾ ಬೆಳೆದಿದ್ದು. ನಾನು ಕಂಡದ್ದು ಪಾತ್ರೆ ತೊಳೆಯುವ ಸರದಿಯನ್ನು ಗೋಡೆಗೆ ಬರೆದು ಅಂಟಿಸಿದ್ದ ಜನರನ್ನು.

ಹಾಗಾದರೆ ಮುಂದಾಳು ಇರಲಿಲ್ಲವಾ? ಇದ್ದರು. ನಲವತ್ತು ಜನರ ಸಾರಿಗೆ ಬೇಳೆ ಎಷ್ಟು ಹಾಕಬೇಕು ಅಂತ ನನಗೆ ಗೊತ್ತಿತ್ತು, ಒಲೆ ಹತ್ತಿರ ನನ್ನ ಮಾತು ನಡೆಯುತ್ತಿತ್ತು. ಕೈಗಾಡಿಯ ಚಕ್ರ ಕೆಟ್ಟರೆ ಇನ್ನೊಬ್ಬಳ ಮಾತು. ಇದು ನನಗೆ ಈಗಲೂ ಸರಿ ಅನ್ನಿಸುತ್ತದೆ.

ತಪ್ಪಿದ್ದು ಬೇರೆ ಕಡೆ. ಅಡುಗೆಮನೆ ಬೀಗದ ಕೈ ನನ್ನ ಜೇಬಿನಲ್ಲಿ, ಬೇಕರಿಯವರ ನಂಬರ್ ನನ್ನ ಫೋನಿನಲ್ಲಿ. ಯಾರೂ ನನ್ನನ್ನು ಯಜಮಾನ ಮಾಡಿರಲಿಲ್ಲ, ಆದರೂ ಆಗಿಬಿಟ್ಟಿದ್ದೆ. ಮೂರನೆಯ ಚಳಿಗಾಲದಲ್ಲಿ ಜ್ವರ ಬಂದು ಮಲಗಿದೆ, ಫೋನು ಎತ್ತಲಿಲ್ಲ. ಆರು ಜನ ಹಿಮದಲ್ಲಿ ಬಾಗಿಲ ಮುಂದೆ ನಿಂತು ವಾಪಸ್ ಹೋದರು. ಪಾರ್ಕಿನಲ್ಲಿ ಕಾದವರಿಗೆ ಊಟವಿಲ್ಲ. ಪ್ರತಿವಾರ ಉಣ್ಣಲು ಬರುತ್ತಿದ್ದ ಅಜ್ಜ ಒಬ್ಬರು ಮುಂದಿನ ಸಭೆಗೆ ಬಂದು ಕೇಳಿದ್ದು ಒಂದೇ ಮಾತು: "ಆ ಬೀಗ ಯಾರದು?"

ಅದೇ ವಾರ ಇನ್ನೂ ಮೂರು ಕೀ ಮಾಡಿಸಿದೆವು. ನಂಬರುಗಳೆಲ್ಲ ಒಂದು ನೋಟ್‌ಬುಕ್ಕಿಗೆ ಬಂದವು. ಸಭೆ ನಡೆಸುವವರು ತಿಂಗಳಿಗೊಮ್ಮೆ ಬದಲಾಗಬೇಕು, ಅವರು ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಬೇಕು ಅಂತ ಮಾಡಿಕೊಂಡೆವು. 1936ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿದ ಅರಾಜಕತಾವಾದಿಗಳ ಪಡೆ, ಡುರ್ರುತಿ ದಳದವರು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುತ್ತಿದ್ದರು, ಬೇಡವಾದರೆ ತೆಗೆಯುತ್ತಿದ್ದರು. ಯುದ್ಧದ ನಡುವೆ! ನಾವೂ ಅದನ್ನೇ ಹಿಡಿದೆವು: ಒಪ್ಪಿಸಿದ ಕೆಲಸವನ್ನು ಯಾವ ಸಭೆಯಲ್ಲಾದರೂ ವಾಪಸ್ ತೆಗೆದುಕೊಳ್ಳಬಹುದು.

ನನಗೆ ಜಾಸ್ತಿ ಕಷ್ಟವಾಗಿದ್ದು ಸುಮ್ನೆ ನಿಲ್ಲುವುದು. ಹೊಸ ಹುಡುಗ ಒಬ್ಬ ದೊಡ್ಡ ಉರಿಯಲ್ಲಿ ಬೇಳೆ ಇಟ್ಟಿದ್ದ. ತಳ ಹಿಡಿಯುವ ವಾಸನೆ ಬರುತ್ತಿತ್ತು. ಸೌಟು ಕಿತ್ತುಕೊಳ್ಳೋಣ ಅನ್ನಿಸಿತು, ಕೈ ಕಟ್ಟಿ ನಿಂತೆ. ಅವನೇ ತಿರುಗಿ, "ಏನು ಮಾಡಲಿ?" ಅಂದ. ಉರಿ ಸಣ್ಣಗೆ ಮಾಡು, ಕೆರೆಯಬೇಡ, ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸು ಅಂತ ಹೇಳಿದೆ.

ಎರಡು ವಾರದ ನಂತರ ಅವನು ಇನ್ನಿಬ್ಬರಿಗೆ ಬೇಳೆ ಅಳತೆ ಹೇಳಿಕೊಡುತ್ತಿದ್ದ. ಆ ಭಾನುವಾರ ನಾನು ಪಾರ್ಕಿಗೇ ನೇರ ಹೋದೆ. ಸಾರು 12.30ಕ್ಕೆ ಬಂತು.