ಒಂದು ಜಿಬಿ ರ‍್ಯಾಮು, ಎರಡು ಕಡ್ಡಿ ಟವರ್ರು: ಟರ್ಮಿನಲ್‌ನಲ್ಲಿ ಪ್ಯಾಕೇಜ್ ಹಾಕಿದ ನನ್ನ ಅನುಭವ

ನಾನು ಮೂಡಿಗೆರೆ ಹತ್ರ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಬರೆಯೋದು, ಮಳೆ ಅಳತೆ ಇಡೋದು, ಶನಿವಾರ ಬಟವಾಡೆ ಲೆಕ್ಕ ಹಾಕೋದು, ಇಷ್ಟೇ ಕೆಲಸ, ಕಂಪ್ಯೂಟರ್ ಓದಿದವನಲ್ಲ. ಸಾಹುಕಾರ್ರ ಮಗ ಕಾಲೇಜಲ್ಲಿದ್ದಾಗ ಬಳಸ್ತಿದ್ದ ಪುಟ್ಟ ನೆಟ್‌ಬುಕ್ ಒಂದು ಅಟ್ಟದ ಮೇಲೆ ಮೆಣಸಿನ ಚೀಲದ ಪಕ್ಕ ಬಿದ್ದಿತ್ತು. ಆಟಮ್ ಎನ್ 270 ಪ್ರೊಸೆಸರ್, ಒಂದು ಜಿಬಿ ರ‍್ಯಾಮ್, ಒಳಗೆ ವಿಂಡೋಸ್ ಎಕ್ಸ್‌ಪಿ. ಆ ಎಕ್ಸ್‌ಪಿಯನ್ನ ಮೈಕ್ರೋಸಾಫ್ಟ್‌ನವರೇ 2014ರಲ್ಲಿ ಕೈಬಿಟ್ಟಿದಾರೆ. "ಬೇಕಾದ್ರೆ ನೀನೇ ಇಟ್ಕೊಳಯ್ಯ, ಇಲ್ಲಾಂದ್ರೆ ಗುಜರಿಗೆ ಹಾಕೋದೇ" ಅಂದ್ರು ಸಾಹುಕಾರ್ರು. ಇಟ್ಕೊಂಡೆ.

ನನ್ನ ಭಾವಮೈದ ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದಾನೆ. ಬೇಲೂರ್ ಮೇಲೆ ಬಸ್ಸಲ್ಲಿ ಹೋಗಿ ಅವನ ರೂಮಿಗೆ ಕೊಟ್ಟು ಬಂದೆ. "ಭಾವ, ಇದು 32 ಬಿಟ್ ಪ್ರೊಸೆಸರ್, ಈಗಿನ ಉಬುಂಟು ಲಿನಕ್ಸ್ ಎಲ್ಲ ಇದಕ್ಕೆ ಬರಲ್ಲ" ಅಂತ ಹೇಳಿ ವಿಂಡೋಸ್ ಬದಲಿಗೆ ಆಂಟಿಎಕ್ಸ್ 23 ಅನ್ನೋ ಲಿನಕ್ಸ್ ಹಾಕಿಕೊಟ್ಟ. ಡೆಬಿಯನ್ 12 ಅನ್ನೋ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದಂತೆ, ಇಂಥ ಹಳೇ ಮಷೀನಿಗೇ ಮಾಡಿದ್ದು. ಅದರಲ್ಲೂ ಬೇಸ್ ಅನ್ನೋ ಸಣ್ಣ ಆವೃತ್ತಿ, ಆಫೀಸ್ ಗೀಫೀಸ್ ಏನೂ ಇಲ್ಲ, "ಬೇಕಾದ್ದು ಮಾತ್ರ ನೀವೇ ಟರ್ಮಿನಲ್‌ನಲ್ಲಿ ಹಾಕ್ಕೊಳ್ಳಿ, ನಾನು ಫೋನಲ್ಲಿ ಹೇಳ್ತೀನಿ" ಅಂದ.

ಕಮಾಂಡ್ ಟೈಪ್ ಮಾಡಿ ಕೆಲಸ ಹೇಳೋ ಈ ಟರ್ಮಿನಲ್ ಅಂದ್ರೆ ಭಯ ಇತ್ತು, ಆದ್ರೆ ಫೋನಲ್ಲಿ ಹೇಳಿಸ್ಕೊಂಡು ಮಾಡೋನಿಗೆ ಅದಕ್ಕಿಂತ ಸುಲಭ ಇನ್ನೊಂದಿಲ್ಲ ಅಂತ ಎರಡೇ ದಿನಕ್ಕೆ ಗೊತ್ತಾಯ್ತು. ಮೇಲಿನ ಬಲಗಡೆ ಹಲ್ಲು ಚಕ್ರ ಥರ ಇರೋದನ್ನ ಒತ್ತಿ, ಅಲ್ಲ ಅದಲ್ಲ, ಅದರ ಕೆಳಗಿಂದು, ಅಂತ ಅರ್ಧ ಗಂಟೆ ಒದ್ದಾಡೋ ಬದಲು ಅವನು ಅಕ್ಷರ ಅಕ್ಷರ ಹೇಳ್ತಾನೆ, ನಾನು ಹಳೇ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೇಲಿ ಬರ್ಕೋತೀನಿ, ಆಮೇಲೆ ನಿಧಾನಕ್ಕೆ ಟೈಪ್ ಮಾಡ್ತೀನಿ. ಬರೆದಿಟ್ಟಿದ್ದು ಮುಂದಿನ ಸಲಕ್ಕೂ ಆಗುತ್ತೆ. ಒಂದೇ ಗಾಬರಿ ಅಂದ್ರೆ, ಯಜಮಾನನ ಅಧಿಕಾರ ಕೊಡೋ ಸುಡೋ ಅಂತ ಹೊಡೆದಾಗ ಪಾಸ್‌ವರ್ಡ್ ಕೇಳುತ್ತಲ್ಲ, ಅಲ್ಲಿ ಎಷ್ಟು ಕುಟ್ಟಿದ್ರೂ ಪರದೆ ಮೇಲೆ ಒಂದು ಚುಕ್ಕಿನೂ ಮೂಡಲ್ಲ, ಕೀಬೋರ್ಡ್ ಹೋಗಿದೆ ಅಂತ್ಲೇ ಅಂದ್ಕೊಂಡಿದ್ದೆ.

ಮೊದಲ ದಿನ 'ಸುಡೋ ಆಪ್ಟ್ ಅಪ್‌ಡೇಟ್' ಹೊಡೆದೆ. ಆಪ್ಟ್ ಅಂದ್ರೆ ಪ್ಯಾಕೇಜು, ಅಂದ್ರೆ ಕಟ್ಟಿಟ್ಟ ಪ್ರೋಗ್ರಾಮನ್ನ, ನೆಟ್ಟಿಂದ ತಂದು ಹಾಕೋ ಕಮಾಂಡ್. ಅಪ್‌ಡೇಟ್ ಅಂದ್ರೆ ಇಲ್ಲಿ ಏನನ್ನೂ ಹೊಸದು ಮಾಡೋದಲ್ಲ, ಸರ್ವರ್‌ನಲ್ಲಿ ಏನೇನು ಸಿಗುತ್ತೆ ಅನ್ನೋ ಪಟ್ಟಿ ತರಿಸ್ಕೊಳ್ಳೋದು ಅಷ್ಟೇ, ಇದು ಮಾಡ್ದೆ ಇನ್‌ಸ್ಟಾಲ್‌ಗೆ ಹೋದ್ರೆ ಆ ಹೆಸರಿನ ಪ್ಯಾಕೇಜೇ ಇಲ್ಲ ಅಂತ ಬೈಸ್ಕೋಬೇಕು. ನನಗೆ ಬೇರೆಯೇ ಬೈಗುಳ ಸಿಕ್ತು. ಎಲ್ಲ ಸಾಲಲ್ಲೂ ಕೆಂಪಲ್ಲಿ, 'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್', ಇನ್ನೂ ಇಷ್ಟು ಸಾವಿರ ದಿನ ಆಗ್ಬೇಕು ಅಂತ. ಟವರ್ ಸರಿ ಇಲ್ಲ ಅಂದ್ಕೊಂಡು ಮೊಬೈಲನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಕಣದ ಶೆಡ್ಡಿನ ತಗಡಿಗೆ ನೇತು ಹಾಕಿದೆ, ಹಾಟ್‌ಸ್ಪಾಟ್ ಅಲ್ಲಿಂದ ಆಫೀಸ್ ರೂಮಿಗೆ ಬರ್ಲಿ ಅಂತ, ಪುಷ್ಯ ಮಳೆ ಬೇರೆ ಹುಯ್ಯೋ ಅಂತ ಸುರೀತಿತ್ತು. ಬಂತು, ಅದೇ ಬೈಗುಳ. ಸಂಜೆ ಭಾವಮೈದನಿಗೆ ಓದಿ ಹೇಳಿದೆ. "ಭಾವ, ಮೂಲೇಲಿ ಗಡಿಯಾರ ನೋಡಿ, ಯಾವ ಇಸವಿ ತೋರಿಸ್ತಿದೆ?" ನೋಡ್ತೀನಿ, 2009! ಒಳಗಿನ ಸೆಲ್ ಸತ್ತಿದೆ, ಪ್ಲಗ್ ಕಿತ್ತಾಗೆಲ್ಲ ಮಷೀನು ಹಳೇ ಇಸವಿಗೆ ಓಡುತ್ತೆ. ಸರ್ವರಿನ ಪಟ್ಟಿ ಮೇಲೆ ಈಗಿನ ತಾರೀಖು ಇರುತ್ತಲ್ಲ, 2009ರಲ್ಲಿ ಕೂತಿರೋನಿಗೆ ಅದು ಇನ್ನೂ ಹುಟ್ಟದೆ ಇರೋ ಕಾಗದ, ಹಂಗಾಗಿ ನಂಬಲ್ಲ. 'ಸುಡೋ ಡೇಟ್ ಹೈಫನ್ ಎಸ್' ಅಂತ ಹಾಕಿ ಕೋಟ್ ಒಳಗೆ ಇವತ್ತಿನ ತಾರೀಖು, ಟೈಮು ಕೊಟ್ಟ ತಕ್ಷಣ ಎಲ್ಲ ಸಲೀಸಾಗಿ ಇಳೀತು. ಸೆಲ್ ಸಿಆರ್ 2032, ವಾಚ್ ಅಂಗಡೀಲಿ ಸಿಗುತ್ತೆ, ಆದ್ರೆ ಅದನ್ನ ಹಾಕೋಕೆ ಇಡೀ ಮಷೀನು ಬಿಚ್ಬೇಕು, ನಾನಿನ್ನೂ ಬಿಚ್ಚಿಲ್ಲ, ದಿನಾ ಬೆಳಿಗ್ಗೆ ತಾರೀಖು ಹೊಡೀತೀನಿ.

ಲೆಕ್ಕಕ್ಕೆ ಲಿಬ್ರೆಆಫೀಸ್ ಅನ್ನೋ ಆಫೀಸ್ ಪ್ರೋಗ್ರಾಂ ಹಾಕೋಣ ಅಂತ ಹೋದೆ. ಆಪ್ಟ್ ಒಂದು ಒಳ್ಳೇ ಕೆಲಸ ಮಾಡುತ್ತೆ, ಶುರು ಮಾಡೋಕೆ ಮುಂಚೆ ಏನೇನು ಜೊತೆಗೆ ಬರುತ್ತೆ, ಏನು ತೆಗೀತೀನಿ, ಎಷ್ಟು ಎಂಬಿ ಇಳಿಸ್ಬೇಕು, ಡಿಸ್ಕಲ್ಲಿ ಎಷ್ಟು ಜಾಗ ತಿನ್ನುತ್ತೆ ಅಂತ ಹೇಳಿ, ವೈ ಒತ್ತೋ ತನಕ ಕೈ ಕಟ್ಕೊಂಡು ನಿಂತಿರುತ್ತೆ. ನೂರು ಎಂಬಿ ದಾಟಿದ್ದು ನೋಡಿ ಎನ್ ಒತ್ತಿದೆ. ಬದಲಿಗೆ ನ್ಯೂಮೆರಿಕ್ ಅನ್ನೋ ಬರೀ ಲೆಕ್ಕದ ಹಾಳೆ ಪ್ರೋಗ್ರಾಂ, ಅದಕ್ಕೆ ಅದರ ಕಾಲು ಭಾಗನೂ ಬೇಡ, ಆಡಿಟರ್ ಕೇಳೋ ಎಕ್ಸೆಲ್ ಫೈಲ್ ಇದರಲ್ಲೂ ಮಾಡ್ಬೋದು. ಒಂದು ಜಿಬಿ ರ‍್ಯಾಮಿಗೆ ಲಿಬ್ರೆಆಫೀಸ್ ಹಾಕೋರು ತಾಳ್ಮೆ ಇರೋರು.

ಅಷ್ಟನ್ನೂ ಒಂದೇ ಸಲಕ್ಕೆ ಇಳಿಸೋಕೆ ಆಗ್ಲಿಲ್ಲ. ನಡುವೆ ಟವರ್ ಹೋದ್ರೆ ಹೋಗ್ಲಿ, ಅದೇ ಕಮಾಂಡ್ ಮತ್ತೆ ಹೊಡೆದ್ರೆ ಬಿಟ್ಟಲ್ಲಿಂದ ಹಿಡ್ಕೊಳ್ಳುತ್ತೆ, ಬಂದಿದ್ದನ್ನ ಮತ್ತೆ ತರಿಸಲ್ಲ. ಆಮೇಲೆ ಇನ್ನೊಂದು ಉಪಾಯ ಕಲ್ತೆ, 'ಆಪ್ಟ್-ಗೆಟ್ ಇನ್‌ಸ್ಟಾಲ್' ಜೊತೆ ಹೈಫನ್ ಡಿ ಹಾಕಿದ್ರೆ ಬರೀ ಇಳಿಸಿ ಇಟ್ಕೊಳ್ಳುತ್ತೆ, ಟವರ್ ಇದ್ದಾಗ ಇಳಿಸೋದು, ಕರೆಂಟ್ ಇದ್ದಾಗ ಹೈಫನ್ ಡಿ ಇಲ್ದೆ ಹೊಡೆದು ಕೂರಿಸೋದು. ನಮ್ಮಲ್ಲಿ ಎರಡೂ ಒಟ್ಟಿಗೆ ಇರೋದು ಮಳೆಗಾಲದಲ್ಲಿ ಕಷ್ಟ. ನೆಟ್‌ಬುಕ್ ಬ್ಯಾಟರಿ ಸತ್ತು ಯಾವ ಕಾಲ ಆಯ್ತೋ, ನ್ಯೂಮೆರಿಕ್ ಕೂರಿಸ್ತಿದ್ದಾಗ್ಲೇ ಕರೆಂಟ್ ಹೋಗಿ ಪಟ್ ಅಂತ ಆರೋಯ್ತು. ಬಂದ್ಮೇಲೆ ಏನು ಹೊಡೆದ್ರೂ ಆಪ್ಟ್ ಕೈಕೆಳಗೆ ಪ್ಯಾಕೇಜ್ ಕೂರಿಸೋ ಡಿಪಿಕೆಜಿ ಅರ್ಧಕ್ಕೆ ನಿಂತಿದೆ ಅನ್ನೋ ಒಂದೇ ಮಾತು, ಆದ್ರೆ ಪುಣ್ಯಕ್ಕೆ ಮದ್ದನ್ನೂ ಅದೇ ಸಾಲಲ್ಲಿ ಬರೆದಿರುತ್ತೆ, 'ಸುಡೋ ಡಿಪಿಕೆಜಿ', ಒಂದು ಸ್ಪೇಸು, 'ಹೈಫನ್ ಹೈಫನ್ ಕಾನ್ಫಿಗರ್', ಇನ್ನೊಂದು ಸ್ಪೇಸು, 'ಹೈಫನ್ ಎ'. ಹಂಗೇ ನೋಡ್ಕೊಂಡು ಹೊಡೆದೆ, ಉಳಿದಿದ್ದನ್ನ ಮುಗಿಸ್ತು.

ಆಳುಗಳ ಹೆಸರು ಕನ್ನಡದಲ್ಲೇ ಬೇಕಿತ್ತು, ಅಕ್ಷರ ಇರೋ ಕಡೆ ಬರೀ ಚೌಕ ಚೌಕ ಕಾಣ್ತಿತ್ತು. 'ಆಪ್ಟ್ ಸರ್ಚ್ ಕನ್ನಡ' ಅಂತ ಹುಡುಕಿ 'ಫಾಂಟ್ಸ್-ಕೆಎನ್‌ಡಿಎ' ಅನ್ನೋದನ್ನ ಹಾಕಿದೆ, ಅದರ ಜೊತೆ ಬಂದಿದ್ದು ನೋಡಿ, ಒಂದು ಗುಬ್ಬಿ, ಒಂದು ನವಿಲು! ಫಾಂಟಿನ ಹೆಸರುಗಳು ಕಣ್ರೀ. ಟೈಪ್ ಮಾಡೋಕೆ 'ಐಬಸ್-ಎಂ17ಎನ್' ಹಾಕಿದೆ, ಅದರಲ್ಲಿ ಕೆಜಿಪಿ ಅಂತ ಇರೋದು ನಮ್ಮ ನುಡಿ ಕೀಬೋರ್ಡೇ, ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಾಗಿಲ್ಲ.

ಈಗ ನನ್ನ ಘನಂದಾರಿ ಕೆಲಸ ಹೇಳ್ಬೇಕು. ಒಂದಿನ ಟಾಪ್ ಅಂತ ಹೊಡೆದು ಯಾವ್ಯಾವ ಪ್ರೋಗ್ರಾಂ ಓಡ್ತಿದೆ ಅಂತ ನೋಡ್ತಿದ್ದೆ. ಪಟ್ಟೀಲಿ 'ಕಾನ್‌ಮ್ಯಾನ್'. ಕಾನ್‌ಮ್ಯಾನ್ ಅಂದ್ರೆ ಟೋಪಿ ಹಾಕೋನು ಅಂತ ನನಗೂ ಗೊತ್ತು, ವೈರಸ್ಸೇ ಇದು, ಹೆಸರು ಹಾಕ್ಕೊಂಡೇ ಕೂತಿದೆ ಅಂದ್ಕೊಂಡು 'ಸುಡೋ ಆಪ್ಟ್ ರಿಮೂವ್ ಕಾನ್‌ಮ್ಯಾನ್', ಪಟ್ಟಿ ಬಂತು, ಓದ್ದೆ ವೈ. ಲಿಬ್ರೆಆಫೀಸಿಗೆ ಅಷ್ಟು ಹುಷಾರಾಗಿ ಓದಿದೋನು ಇಲ್ಲಿ ಯಾಕೆ ಓದ್ಲಿಲ್ಲವೋ. ಮಷೀನ್ ಒಮ್ಮೆ ಆರಿಸಿ ಹಾಕಿದ್ರೆ ವೈಫೈ ಇಲ್ಲ. ಕಾನ್‌ಮ್ಯಾನ್ ಅಂದ್ರೆ ಕನೆಕ್ಷನ್ ಮ್ಯಾನೇಜರ್ರಂತೆ! ಈಗ ಅದನ್ನ ವಾಪಸ್ ಹಾಕೋಕೆ ನೆಟ್ ಬೇಕು, ನೆಟ್ಟಿಗೆ ಅದೇ ಬೇಕು. ಭಾವಮೈದ ಐದು ನಿಮಿಷ ನಕ್ಕಿದ್ದಾದ್ಮೇಲೆ ದಾರಿ ಹೇಳಿದ: ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಅದರಲ್ಲಿ ಕಾನ್‌ಮ್ಯಾನ್ ಇರುತ್ತೆ, ನೆಟ್ ಬರುತ್ತೆ. ಹಂಗೇ ಮಾಡಿ, ತಾರೀಖು ಸರಿ ಮಾಡಿ, ಅಪ್‌ಡೇಟ್ ಹೊಡೆದು, 'ಆಪ್ಟ್-ಗೆಟ್ ಡೌನ್‌ಲೋಡ್ ಕಾನ್‌ಮ್ಯಾನ್' ಅಂದೆ, ಇಳಿದ ಪ್ಯಾಕೇಜಿನ ಡೆಬ್ ಫೈಲನ್ನ ಹಾರ್ಡ್‌ಡಿಸ್ಕಿಗೆ ಕಾಪಿ ಹಾಕಿ, ವಾಪಸ್ ಬಂದು 'ಸುಡೋ ಡಿಪಿಕೆಜಿ ಹೈಫನ್ ಐ' ಜೊತೆ ಫೈಲಿನ ಹೆಸರು ಕೊಟ್ಟೆ. ವೈಫೈ ಬಂತು. ಅದರ ಜೊತೆ ಹೋಗಿದ್ದ, ವೈಫೈ ಆರಿಸೋಕೆ ಕಿಟಕಿ ತೋರಿಸೋ ಸಿಎಂಎಸ್‌ಟಿ, ಅದನ್ನ ಆಮೇಲೆ ನೆಟ್ಟಿಂದಲೇ ಹಾಕ್ದೆ. ಈಗ ಏನಾದ್ರೂ ತೆಗೆಯೋ ಮುಂಚೆ ಹೈಫನ್ ಎಸ್ ಸೇರಿಸಿ ಹೊಡೀತೀನಿ, ಅದು ಸುಮ್ನೆ ಮಾಡಿದಂಗೆ ತೋರಿಸುತ್ತೆ, ನಿಜಕ್ಕೂ ಏನೂ ಮಾಡಲ್ಲ.

ಪ್ರಿಂಟರ್ ಮಾತ್ರ ಇನ್ನೂ ಆಗಿಲ್ಲ, ಪ್ರಿಂಟರ್ ನಡೆಸೋ ಕಪ್ಸ್ ಅನ್ನೋ ಪ್ಯಾಕೇಜ್ ಹಾಕಿದೀನಿ, ಸಾಹುಕಾರ್ರ ಹಳೇ ಪ್ರಿಂಟರ್ ಅದಕ್ಕೆ ಸೊಪ್ಪು ಹಾಕ್ತಿಲ್ಲ. ಸದ್ಯಕ್ಕೆ ಶುಕ್ರವಾರ ಸಂಜೆ ಬಟವಾಡೆ ಪಟ್ಟಿಯನ್ನ ಪಿಡಿಎಫ್ ಮಾಡಿ ಪೆನ್‌ಡ್ರೈವಲ್ಲಿ ಮೂಡಿಗೆರೆ ಝೆರಾಕ್ಸ್ ಅಂಗಡಿಗೆ ಒಯ್ತೀನಿ. ಮೊದಲ ಸಲ ತಂದಾಗ ಮೇಸ್ತ್ರಿ ಹಾಳೆ ಹಿಡ್ಕೊಂಡು ತನ್ನ ಹೆಸರಿನ ಮೇಲೆ ಬೆರಳಿಟ್ಟು, "ಇದೇನ್ ಸಾ, ನನ್ ಹೆಸ್ರು ನಿಮ್ ಕೈಬರಕ್ಕಿಂತ ಚೆನ್ನಾಗ್ ಬಂದದೆ" ಅಂದ.