ಲಿವರ್ ಕಾಯಿಲೆ ಇದ್ದವರ ಕೂದಲು ಉದುರುತ್ತಿದ್ದರೆ ಕಾರಣ ಹುಡುಕುವುದು ಹೇಗೆ?

ದೀರ್ಘಕಾಲದ ಲಿವರ್ ಕಾಯಿಲೆ ಇರುವವರ ಕೂದಲು ಉದುರತೊಡಗಿದರೆ ಕೆಲವರು 'ಲಿವರ್‌ದೇ ತೊಂದರೆ, ಏನೂ ಮಾಡಲಾಗದು' ಎಂದು ಕೈಚೆಲ್ಲುತ್ತಾರೆ. ಉಳಿದವರು ಕೂದಲಿನ ಮಾತ್ರೆ ತಂದು ನುಂಗುತ್ತಾರೆ. ಎರಡೂ ಬೇಡ. ಕಾರಣಗಳು ಹಲವು, ಒಬ್ಬರಲ್ಲೇ ಎರಡು ಮೂರು ಕೂಡಿಕೊಂಡಿರಬಹುದು. ಹೆಚ್ಚಿನವನ್ನು ಸರಿಪಡಿಸಬಹುದು. ಆದರೆ ಮಾತ್ರೆ ಮೊದಲಾಗಿ ಪರೀಕ್ಷೆ ಆಮೇಲಾದರೆ ವರದಿಯೇ ದಾರಿ ತಪ್ಪಿಸುತ್ತದೆ.

1. ಎಲ್ಲಿ, ಹೇಗೆ ಉದುರುತ್ತಿದೆ ನೋಡಿ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಸುಮಾರು 60 ಕೂದಲಿನ ಎಸಳೊಂದನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದಾಗ ಆರಕ್ಕಿಂತ ಹೆಚ್ಚು ಕೈಗೆ ಬಂದರೆ ಉದುರುವಿಕೆ ಜೋರಾಗಿದೆ ಎಂದು ತಿಳಿಯಿರಿ. ತುದಿಯಲ್ಲಿ ಬಿಳಿ ಗುಂಡು ಇದ್ದರೆ ಕೂದಲು ಬೇರಿನಿಂದ ಬಂದಿದೆ, ಇಲ್ಲದಿದ್ದರೆ ನಡುವೆ ತುಂಡಾಗಿದೆ. ನಾಣ್ಯದಗಲದ ನುಣುಪು ಬೋಳು ರೋಗನಿರೋಧಕ ವ್ಯವಸ್ಥೆಯ ಎಡವಟ್ಟಿನತ್ತ ಬೆರಳು ತೋರಿಸುತ್ತದೆ. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವುದು) ಇರುವ ಗಂಡಸರಲ್ಲಿ ಎದೆ, ಕಂಕುಳಿನ ಕೂದಲು ತೆಳುವಾಗಿದ್ದರೆ ಅದು ಹಾರ್ಮೋನ್ ಏರುಪೇರು. ಅದಕ್ಕೆ ತಲೆಗೆ ಹಚ್ಚುವ ಯಾವ ಎಣ್ಣೆಯೂ ಉತ್ತರವಲ್ಲ.

2. ಮೂರು ತಿಂಗಳು ಹಿಂದಕ್ಕೆ ಎಣಿಸಿ

ದೇಹಕ್ಕೆ ಪೆಟ್ಟು ಬಿದ್ದ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುತ್ತದೆ, ಆ ದಿನವೇ ಅಲ್ಲ. ರಕ್ತವಾಂತಿ, ಸೋಂಕು, ಶಸ್ತ್ರಚಿಕಿತ್ಸೆ, ಆಸ್ಪತ್ರೆ ವಾಸ, ಹಠಾತ್ ತೂಕ ಇಳಿಕೆ ಯಾವುದಾದರೂ ಆಗಿತ್ತೇ ನೆನಪಿಸಿಕೊಳ್ಳಿ. ಜನ ನಿನ್ನೆ ಬದಲಿಸಿದ ಶಾಂಪೂವನ್ನು ಬೈಯುತ್ತಾರೆ, ಕಾರಣ ಹೋದ ಋತುವಿನಲ್ಲಿರುತ್ತದೆ.

3. ಔಷಧಿಗಳ ಪಟ್ಟಿ ಬರೆಯಿರಿ

ಇಂಟರ್‌ಫೆರಾನ್, ರೈಬಾವಿರಿನ್, ಮೆಥೊಟ್ರೆಕ್ಸೇಟ್, ಕಸಿಯ ನಂತರದ ಟ್ಯಾಕ್ರೋಲಿಮಸ್ ಕೂದಲು ಉದುರಿಸಬಲ್ಲವು. ಪ್ರೊಪ್ರನಲಾಲ್‌ನಿಂದಲೂ ಅಪರೂಪಕ್ಕೆ ಹಾಗಾಗುತ್ತದೆ. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್ ಶುರುಮಾಡಿದ ಕೆಲವೇ ವಾರಗಳಲ್ಲಿ ಕೂದಲು ಗೊಂಚಲಾಗಿ ಬಂದರೆ ಕಾಯಬೇಡಿ, ಅಂದೇ ವೈದ್ಯರಿಗೆ ಹೇಳಿ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಿ. ಕೆಲವರಲ್ಲಿ ಈ ಔಷಧಿಯನ್ನು ಕರಗಿಸುವ ಜೀನ್ ದುರ್ಬಲವಾಗಿರುತ್ತದೆ, ಅವರಿಗೆ ಕೂದಲೂ ಬಿಳಿ ಕಣಗಳೂ ಒಟ್ಟಿಗೇ ಇಳಿಯುತ್ತವೆ. ವೈದ್ಯರು ಬರೆದ ಯಾವ ಔಷಧಿಯನ್ನೂ ನೀವಾಗಿ ನಿಲ್ಲಿಸಬೇಡಿ.

4. ರಕ್ತಪರೀಕ್ಷೆ: ಎಲ್ಲರೂ ಎಡವುವುದು ಇಲ್ಲಿಯೇ

ಕೇಳಬೇಕಾದ ಪರೀಕ್ಷೆಗಳು ಐದು: ಹಿಮೋಗ್ಲೋಬಿನ್ ಸಹಿತ ರಕ್ತಕಣಗಳ ಎಣಿಕೆ, ಕಬ್ಬಿಣದ ಪೂರ್ತಿ ತಪಾಸಣೆ, ಸತು, ಆಲ್ಬುಮಿನ್ (ಲಿವರ್ ತಯಾರಿಸುವ ರಕ್ತದ ಪ್ರೋಟೀನ್), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಮಾಡಿಸುವುದು ಸುಲಭ, ಓದುವುದು ಕಷ್ಟ.

ಮೊದಲು ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ಸೂಚಿಸುವ ಪ್ರೋಟೀನ್. ಲಿವರ್ ಉರಿಯೂತದಲ್ಲಿ ಇದು ತಾನಾಗಿ ಏರುತ್ತದೆ. ಆದ್ದರಿಂದ ಫೆರಿಟಿನ್ ಮಿ.ಲೀ.ಗೆ 30 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಖಚಿತ, ಆದರೆ 'ನಾರ್ಮಲ್' ಎಂದಿದ್ದರೆ ಕೊರತೆ ಇಲ್ಲ ಎಂದು ಹೇಳಲಾಗದು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಅಳತೆ) ಜೊತೆಗೆ ನೋಡಿ, ಶೇ 20ಕ್ಕಿಂತ ಕೆಳಗಿದ್ದರೆ ಅನುಮಾನಿಸಿ. ಇದರಲ್ಲೂ ಒಂದು ತೊಡಕಿದೆ. ಟ್ರಾನ್ಸ್‌ಫೆರಿನ್ ತಯಾರಾಗುವುದೇ ಲಿವರ್‌ನಲ್ಲಿ. ಸಿರೋಸಿಸ್ ಮುಂದುವರಿದಾಗ ಅದು ತಗ್ಗಿ, ಶೇಕಡಾವಾರು ಸುಳ್ಳಾಗಿ ಮೇಲೇರಬಹುದು. ಹಾಗಾಗಿ ಯಾವ ಒಂದು ಅಂಕಿಯನ್ನೂ ಒಂಟಿಯಾಗಿ ನಂಬದೆ ವೈದ್ಯರ ಮುಂದೆ ಎಲ್ಲವನ್ನೂ ಒಟ್ಟಿಗೆ ಇಡಿ. ಕೊರತೆ ಖಚಿತವಾದರೆ ರಕ್ತ ಎಲ್ಲಿ ಸೋರುತ್ತಿದೆ ಎಂಬುದೇ ಮುಂದಿನ ಪ್ರಶ್ನೆ. ಮಲ ಕಪ್ಪಾಗಿದ್ದರೆ ಕೂದಲನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ಮುಟ್ಟಲೇಬೇಡಿ: ಹೀಮೊಕ್ರೊಮಾಟೋಸಿಸ್ (ದೇಹದಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ಕಾಯಿಲೆ) ಇರುವವರಿಗೆ ಅದು ನೇರ ಹಾನಿ.

ಇನ್ನು ಸತು. ಸಿರೋಸಿಸ್‌ನಲ್ಲಿ ಇದರ ಕೊರತೆ ಸಾಮಾನ್ಯ, ಮೂತ್ರವರ್ಧಕ ಮಾತ್ರೆಗಳು ಅದನ್ನು ಮೂತ್ರದಲ್ಲಿ ಇನ್ನಷ್ಟು ಕಳೆಯುತ್ತವೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಲೇಶಧಾತುಗಳಿಗೆಂದೇ (ಟ್ರೇಸ್ ಎಲಿಮೆಂಟ್) ಇರುವ ಟ್ಯೂಬಿನಲ್ಲಿ ರಕ್ತ ಕೊಡಿ. ಸಾಮಾನ್ಯ ಟ್ಯೂಬಿನ ರಬ್ಬರ್ ಮುಚ್ಚಳದಿಂದಲೂ ಒಡೆದ ಕೆಂಪು ಕಣಗಳಿಂದಲೂ ಸತು ಬೆರೆತು ಅಂಕಿ ಏರುತ್ತದೆ. ಪ್ಲಾಸ್ಮಾದಲ್ಲಿನ (ಕಣಗಳನ್ನು ಬಿಟ್ಟ ರಕ್ತದ್ರವ) ಸತುವಿನ ಹೆಚ್ಚಿನ ಪಾಲು ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಆಲ್ಬುಮಿನ್ ತಗ್ಗಿದಾಗ ಸತುವೂ ತಗ್ಗಿದಂತೆ ಕಾಣುತ್ತದೆ. ಸತುವಿನ ಮಾತ್ರೆಯನ್ನು ತಿಂಗಳುಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ತಿಂದರೆ ತಾಮ್ರ ಕುಸಿದು ರಕ್ತಹೀನತೆ ಬರುತ್ತದೆ. ಆದ್ದರಿಂದ ಅವಧಿಯನ್ನೂ ವೈದ್ಯರಿಂದಲೇ ಬರೆಸಿಕೊಳ್ಳಿ.

ಕೊನೆಗೆ ಟಿಎಸ್‌ಎಚ್. ಆಟೋಇಮ್ಯೂನ್ ಹೆಪಟೈಟಿಸ್, ಪ್ರೈಮರಿ ಬೈಲಿಯರಿ ಕೊಲಾಂಜೈಟಿಸ್ (ರೋಗನಿರೋಧಕ ವ್ಯವಸ್ಥೆಯೇ ಲಿವರ್ ಅಥವಾ ಅದರ ಪಿತ್ತನಾಳಗಳ ಮೇಲೆ ದಾಳಿ ಮಾಡುವ ಕಾಯಿಲೆಗಳು) ಇದ್ದವರಲ್ಲಿ ಥೈರಾಯ್ಡ್ ತೊಂದರೆ ಜೊತೆಯಾಗುವುದು ಹೆಚ್ಚು. ಕೂದಲಿನ ಮಾತ್ರೆಗಳಲ್ಲಿರುವ ಬಯೋಟಿನ್ ಎಂಬ ವಿಟಮಿನ್ ಹಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಇಳಿಸಿ, ಥೈರಾಯ್ಡ್ ಹಾರ್ಮೋನನ್ನು ಸುಳ್ಳಾಗಿ ಏರಿಸುತ್ತದೆ. ಇಲ್ಲದ ಕಾಯಿಲೆಗೆ ಚಿಕಿತ್ಸೆ ಶುರುವಾಗುವುದು ಹೀಗೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ, ಪ್ರಮಾಣ ದೊಡ್ಡದಿದ್ದರೆ ಇನ್ನೂ ಮುಂಚೆ. ಪ್ರಯೋಗಾಲಯದವರಿಗೂ ಹೇಳಿ. ನಿಜಕ್ಕೂ ಕೊರತೆ ಇಲ್ಲದವರಿಗೆ ಬಯೋಟಿನ್ ಬೇಕಿಲ್ಲ.

5. ಪ್ರೋಟೀನ್ ಲೆಕ್ಕ ಹಾಕಿ

ಲಿವರ್ ಕಾಯಿಲೆ ಎಂದರೆ ಪ್ರೋಟೀನ್ ಬಿಡಬೇಕು ಎಂಬ ಹಳೆಯ ನಂಬಿಕೆ ಕೂದಲನ್ನೂ ಸ್ನಾಯುವನ್ನೂ ಒಟ್ಟಿಗೆ ತಿನ್ನುತ್ತದೆ. ಸಿರೋಸಿಸ್‌ನಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು, 60 ಕಿಲೋ ಇದ್ದವರಿಗೆ 72ರಿಂದ 90 ಗ್ರಾಂ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಆ ನೀರಿನ ತೂಕ ಕಳೆದು ಲೆಕ್ಕ ಹಾಕಿ. ಮಲಗುವ ಮುನ್ನ ಒಂದು ತಿಂಡಿ ತಪ್ಪಿಸಬೇಡಿ.

6. ಏನು ಕೊಳ್ಳಬಾರದು

'ಕೂದಲು ಕಪ್ಪಾಗಿ ಬೆಳೆಯುತ್ತದೆ' ಎಂದು ಮಾರುವ ಪಾಲಿಗೋನಮ್ ಮಲ್ಟಿಫ್ಲೋರಮ್ ಎಂಬ ಚೀನೀ ಗಿಡಮೂಲಿಕೆಯ ಬೇರಿನ ಮಾತ್ರೆಗಳಿಂದ ಲಿವರ್ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ವಿಟಮಿನ್ ಎ ಹೆಚ್ಚಾದರೆ ಲಿವರ್‌ಗೂ ಪೆಟ್ಟು, ಕೂದಲೂ ಉದುರುತ್ತದೆ. ಕೂದಲು ಬೆಳೆಸುವ ಔಷಧಿ ಮಿನಾಕ್ಸಿಡಿಲ್ ಬೇಕೆಂದರೆ ತಲೆಗೆ ಹಚ್ಚುವ ದ್ರಾವಣವನ್ನೇ ಕೇಳಿ. ನುಂಗುವ ಮಾತ್ರೆ ದೇಹದಲ್ಲಿ ನೀರು ನಿಲ್ಲಿಸುವುದರಿಂದ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಅಪಾಯ.

ಕಾರಣ ಸರಿಹೋದ ಮೇಲೆ ಉದುರುವುದು ನಿಲ್ಲಲು 3ರಿಂದ 6 ತಿಂಗಳು ಬೇಕು. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಬೈತಲೆಯ ಫೋಟೊ ತೆಗೆದಿಡಿ. ಆದರೆ ನೆತ್ತಿ ಉರಿಯುತ್ತಿದ್ದರೆ, ರಂಧ್ರಗಳೇ ಕಾಣದಂತೆ ಚರ್ಮ ಹೊಳೆಯುತ್ತಿದ್ದರೆ ಆರು ತಿಂಗಳು ಕಾಯಬೇಡಿ. ಅದು ಗಾಯದ ಕಲೆ ಉಳಿಸುವ ಬಗೆ, ಹೋದ ಕೂದಲು ಮರಳದು. ಚರ್ಮವೈದ್ಯರ ಬಳಿ ಬಯಾಪ್ಸಿ ಮಾಡಿಸಿ, ಅದಕ್ಕೆ ಮೊದಲು ಪ್ಲೇಟ್‌ಲೆಟ್ ಎಣಿಕೆಯನ್ನೂ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ವರದಿಯನ್ನೂ ಅವರಿಗೆ ತೋರಿಸಿ.